ರೈಲು ಕಾಣುವ ಮೊದಲೇ ಗೇಟ್ ಏಕೆ?

ಪ್ರಶ್ನೆ: ರೈಲಿನ ಸುಳಿವೇ ಇರುವುದಿಲ್ಲ, ಗೇಟ್ ಮಾತ್ರ ಹಾಕಿಬಿಟ್ಟಿರುತ್ತಾರೆ. ಇಷ್ಟು ಬೇಗ ಏಕೆ?

ಉತ್ತರ: ರೈಲು ಬರುತ್ತದೆಂದು ಗೇಟ್ ಹಾಕುತ್ತಾರೆ ಎಂದೇ ನಾವು ತಿಳಿದಿದ್ದೇವೆ. ಇಂಟರ್‌ಲಾಕಿಂಗ್ ಇರುವ ಗೇಟುಗಳಲ್ಲಿ ಲೆಕ್ಕ ತಿರುವುಮುರುವು: ಗೇಟ್ ಬಿದ್ದು ಬೀಗವಾದ ಮೇಲಷ್ಟೇ ರೈಲಿಗೆ ಹಸಿರು ದೀಪ. ಗೇಟ್ ತೆರೆದಿರುವ ತನಕ ಸಿಗ್ನಲ್ ಕೆಂಪಾಗಿಯೇ ಇರುತ್ತದೆ, ಯಾರು ಎಷ್ಟೇ ಅವಸರ ಮಾಡಿದರೂ. ವೇಗದ ರೈಲು ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕಾಗಬಹುದು. ಹಾಗಾಗಿ ಚಾಲಕನಿಗೆ ಬಹಳ ಮುಂಚೆಯೇ, ಮುನ್ಸೂಚನೆ ಕೊಡುವ ಡಿಸ್ಟಂಟ್ ಸಿಗ್ನಲ್‌ನಲ್ಲಿ, ದಾರಿ ತೆರವಾಗಿರುವುದು ಗೊತ್ತಾಗಬೇಕು. ನಿಮ್ಮ ಕಾಯುವಿಕೆಯ ಬಹುಪಾಲು ಈ ದೂರದ ಬಾಬತ್ತು.

ಮುಂದಿನ ಸಲ ಬೈಕ್ ಆಫ್ ಮಾಡಿ ಸುತ್ತ ನೋಡಿ. (ಗೇಟಿನಡಿ ನುಸುಳುವವರನ್ನು ನೋಡಿ ಕಲಿಯುವುದು ಬೇಡ!) ಹಳಿಯ ಪಕ್ಕದ ಹಳದಿ ಫಲಕದಲ್ಲಿ 'ಡಬ್ಲ್ಯೂ/ಎಲ್' ಎಂದಿದ್ದರೆ, ಮುಂದೆ ಗೇಟಿದೆ, ಸೀಟಿ ಹೊಡೆ ಎಂದು ಚಾಲಕನಿಗೆ ಸೂಚನೆ. ಸಿಗ್ನಲ್ ಕಂಬದ ಹಳದಿ ಬಿಲ್ಲೆಯ ಮೇಲೆ ಕಪ್ಪು 'ಜಿ' ಇದ್ದರೆ ಅದು ಗೇಟಿಗೇ ಮೀಸಲಾದ ಸಿಗ್ನಲ್. ಅದು ಕೆಂಪಾಗಿಯೇ ಉಳಿದರೆ ಚಾಲಕ ಸೀಟಿ ಹೊಡೆದು, ಹಗಲಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ಕಾದು, ಎಚ್ಚರಿಕೆಯಿಂದ ಗೇಟಿನವರೆಗೆ ತೆವಳಬಹುದು.

ರೈಲು ಹೋಗುವಾಗ ಗೇಟ್‌ಮ್ಯಾನ್ ಬಾವುಟ ಹಿಡಿದು ನಿಲ್ಲುವುದು ಶಿಷ್ಟಾಚಾರಕ್ಕಲ್ಲ. ಚಕ್ರದ ಬಳಿ ಹೊಗೆಯೋ ಬೆಂಕಿಯೋ ಕಂಡರೆ ಕೆಂಪು ತೋರಿಸಬೇಕು. ಕೊನೆಯ ಬೋಗಿಯ ಹಿಂದೆ 'ಎಲ್‌ವಿ' ಫಲಕ, ರಾತ್ರಿಯಾದರೆ ಮಿನುಗುವ ಕೆಂಪು ದೀಪ ಇದೆಯೇ ಎಂದೂ ಗಮನಿಸಬೇಕು. ಅದಿಲ್ಲವೆಂದರೆ ರೈಲು ನಡುವೆ ತುಂಡಾಗಿ ಒಂದಿಷ್ಟು ಬೋಗಿಗಳು ಹಿಂದೆಯೇ ಉಳಿದಿರುವ ಸಂಭವವುಂಟು.