ಎಂಜಿನ್ ಮತ್ತು ಮೋಟಾರು: ಅರ್ಥಭೇದ

ನಿತ್ಯ ವ್ಯವಹಾರದಲ್ಲಿ 'ಎಂಜಿನ್' ಮತ್ತು 'ಮೋಟಾರು' ಎಂಬ ಪದಗಳನ್ನು ಒಂದಕ್ಕೊಂದು ಪರ್ಯಾಯವಾಗಿ ಬಳಸುವುದುಂಟು. ಪೆಟ್ರೋಲಿನಿಂದ ಓಡುವ ವಾಹನವು 'ಮೋಟಾರು ಸೈಕಲ್' ಎನಿಸಿದೆ. ವಿದ್ಯುತ್ ರೈಲಿನ ಮುಂಭಾಗದ ಯಂತ್ರವನ್ನು 'ಎಂಜಿನ್' ಎಂದೇ ಕರೆಯುತ್ತೇವೆ. ರೂಢಿಯಲ್ಲಿ ಇದು ದೋಷವೆನಿಸದು. ಆದರೆ ತಾಂತ್ರಿಕವಾಗಿ ಇವೆರಡರ ಅರ್ಥ ಬೇರೆ. ಈ ಭೇದವನ್ನು ಅರಿತಿರುವುದು ನಮ್ಮ ಸುರಕ್ಷತೆಗೂ ಅವಶ್ಯಕವಾಗಿದೆ.

'ಎಂಜಿನ್' ಪದದ ಮೂಲ ಲ್ಯಾಟಿನ್ ಭಾಷೆಯ 'ಇಂಜೆನಿಯಂ'. ಸಹಜ ಪ್ರತಿಭೆ, ಜಾಣ್ಮೆ ಎಂದು ಅದರ ಅರ್ಥ. ಜಾಣ್ಮೆಯಿಂದ ರಚಿಸಿದ ಸಾಧನಗಳಿಗೆ, ಕೋಟೆಯ ಗೋಡೆಯನ್ನು ಕೆಡವುವ ಯುದ್ಧಯಂತ್ರಕ್ಕೂ, ಹಿಂದೆ ಈ ಹೆಸರಿತ್ತು. 'ಮೋಟಾರು' ಪದವೂ ಲ್ಯಾಟಿನ್ ಮೂಲದ್ದೇ. 'ಚಲಿಸುವಂತೆ ಮಾಡುವುದು' ಎಂದು ಅದರ ಅರ್ಥ. ಕಾಲಕ್ರಮದಲ್ಲಿ ಮೊದಲನೆಯದು ಶಾಖದಿಂದ ದುಡಿಯುವ ಯಂತ್ರಕ್ಕೂ ಎರಡನೆಯದು ಮುಖ್ಯವಾಗಿ ವಿದ್ಯುತ್ತಿನಿಂದ ದುಡಿಯುವ ಯಂತ್ರಕ್ಕೂ ರೂಢವಾದವು.

ಎಂಜಿನ್ನಿನಲ್ಲಿ ಇಂಧನ ಉರಿಯುತ್ತದೆ. ಅದರ ಶಾಖದಿಂದ ಹಿಗ್ಗಿದ ಅನಿಲ ಅಥವಾ ಉಗಿಯು ಪಿಸ್ಟನ್ನನ್ನು ತಳ್ಳಿ ಚಲನೆಯನ್ನು ಉಂಟುಮಾಡುತ್ತದೆ. ವಿದ್ಯುತ್ ಮೋಟಾರಿನಲ್ಲಿ ಏನೂ ಉರಿಯುವುದಿಲ್ಲ. ತಂತಿಯ ಸುರುಳಿಗಳಲ್ಲಿ ಹರಿಯುವ ವಿದ್ಯುತ್ತಿನಿಂದ ಕಾಂತಬಲವು ಹುಟ್ಟಿ ಅಚ್ಚನ್ನು ತಿರುಗಿಸುತ್ತದೆ. ಈ ವಿದ್ಯುತ್ತು ಬೇರೆಡೆ ಉತ್ಪಾದನೆಯಾಗಿ ತಂತಿಯ ಮೂಲಕವೋ ಬ್ಯಾಟರಿಯಿಂದಲೋ ಒದಗುತ್ತದೆ.

ಭಾರತದ ರೈಲ್ವೆಯ ಇತಿಹಾಸದಲ್ಲಿ ಈ ಎರಡೂ ಯಂತ್ರಗಳನ್ನು ಕಾಣಬಹುದು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಹೊರಟ ರೈಲನ್ನು ಎಳೆದವು ಉಗಿ ಎಂಜಿನ್‌ಗಳು. 1925ರ ಫೆಬ್ರವರಿ 3ರಂದು ಅಂದಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಸಂಚರಿಸಿದ ದೇಶದ ಮೊದಲ ವಿದ್ಯುತ್ ರೈಲನ್ನು ನಡೆಸಿದವು ಮೋಟಾರುಗಳು. ಡೀಸೆಲ್-ಎಲೆಕ್ಟ್ರಿಕ್ ಲೋಕೋದಲ್ಲಂತೂ ಎರಡೂ ಕೂಡಿವೆ: ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಅದರಿಂದ ಬಂದ ವಿದ್ಯುತ್ತಿನಿಂದ ಮೋಟಾರುಗಳು ಗಾಲಿಗಳನ್ನು ತಿರುಗಿಸುತ್ತವೆ.

ಕಾನೂನಿನಲ್ಲಿ 'ಮೋಟಾರು' ಪದದ ವ್ಯಾಪ್ತಿ ಹಿರಿದು. 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ, ಚಾಲಕಶಕ್ತಿಯು ವಾಹನದ ಒಳಗಿನಿಂದ ಬಂದರೂ ಹೊರಗಿನಿಂದ ಬಂದರೂ ರಸ್ತೆಯ ಮೇಲೆ ಯಂತ್ರಬಲದಿಂದ ಓಡುವ ವಾಹನವು ಸಾಮಾನ್ಯವಾಗಿ ಮೋಟಾರು ವಾಹನವೇ. ಆದುದರಿಂದ, 'ಎಂಜಿನ್ ಇಲ್ಲ, ಲೈಸೆನ್ಸ್ ಬೇಡ' ಎಂದು ವಿದ್ಯುತ್ ಸ್ಕೂಟರಿನ ಬಗ್ಗೆ ಭಾವಿಸುವುದು ಸರಿಯಲ್ಲ. ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಎಂಬುದೇ ಮೊದಲಾದ ನಿಬಂಧನೆಗಳನ್ನು ಪೂರೈಸಿ, ಅಧಿಕೃತ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ದ್ವಿಚಕ್ರ ವಾಹನಗಳಿಗೆ ಮಾತ್ರ ವಿನಾಯಿತಿ ಇದೆ.

ಮನೆಯಲ್ಲಿಯೂ ಈ ಭೇದವನ್ನು ನೆನಪಿಡತಕ್ಕದ್ದು. ವಿದ್ಯುತ್ ನಿಲುಗಡೆಯಾದಾಗ ಬಳಸುವ ಪೆಟ್ರೋಲ್ ಅಥವಾ ಡೀಸೆಲ್ ಜನರೇಟರಿನಲ್ಲಿರುವುದು ಎಂಜಿನ್. ಅದರ ಹೊಗೆಯಲ್ಲಿ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ನಡೆಸಿದರೆ ಮಲಗಿದವರು ಏಳದೆಯೇ ಪ್ರಾಣ ಕಳೆದುಕೊಳ್ಳಬಹುದು. ಅದನ್ನು ಕಿಟಕಿ ಬಾಗಿಲುಗಳಿಂದ ದೂರ, ಬಯಲಿನಲ್ಲಿಯೇ ಇಡಬೇಕು. ನೀರೆತ್ತುವ ವಿದ್ಯುತ್ ಪಂಪಿನಲ್ಲಿರುವುದು ಮೋಟಾರು. ಅದರಲ್ಲಿ ಹೊಗೆಯ ಭಯವಿಲ್ಲ, ವಿದ್ಯುದಾಘಾತದ ಭಯವಿದೆ. ಅದಕ್ಕೆ ಸರಿಯಾದ ಅರ್ತಿಂಗ್ ಇರಬೇಕು. ಮುಖ್ಯ ಸ್ವಿಚ್ಚನ್ನು ಆರಿಸದೆ ದುರಸ್ತಿಗೆ ಕೈಹಾಕಬಾರದು.

ಯಂತ್ರವನ್ನು ಯಾವ ಹೆಸರಿನಿಂದ ಕರೆದರೂ, ಅದು ಇಂಧನವನ್ನು ಉರಿಸುವುದೋ ವಿದ್ಯುತ್ತಿನಿಂದ ತಿರುಗುವುದೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ವಹಿಸಬೇಕಾದ ಎಚ್ಚರಿಕೆ ಯಾವುದೆಂಬುದು ಅದರಿಂದಲೇ ಸ್ಪಷ್ಟವಾಗುತ್ತದೆ.