ಕಾಲಿಗೆ ಗುಂಡು: ಸುದ್ದಿಯಲ್ಲಿ ಬಾರದ ಪ್ರಶ್ನೆಗಳು

ಅಪರಾಧ ವರದಿಗಾರನಾಗಿ ಬರೆದ ಒಂದು ಬಗೆಯ ಸುದ್ದಿಯನ್ನು ನಾನು ಈಗಲೂ ನಿದ್ದೆಗಣ್ಣಿನಲ್ಲೇ ಟೈಪ್ ಮಾಡಬಲ್ಲೆ. 'ಕೃತ್ಯಕ್ಕೆ ಬಳಸಿದ್ದ ಮಚ್ಚು ತೋರಿಸುವುದಾಗಿ ಹೇಳಿದ ಆರೋಪಿಯನ್ನು ನಸುಕಿನಲ್ಲಿ ಮಹಜರಿಗೆ ಕರೆದೊಯ್ಯಲಾಗಿತ್ತು. ಆಗ ಆತ ಕಾನ್‌ಸ್ಟೆಬಲ್ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ. ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ಶರಣಾಗದಿದ್ದಾಗ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹಾರಿಸಿದರು.' ಹೆಸರು, ಠಾಣೆ, ಎಡಗಾಲೋ ಬಲಗಾಲೋ ಎಂಬುದಷ್ಟು ಬದಲಿಸಿದರೆ ಸುದ್ದಿ ಸಿದ್ಧ.

ಇವೆಲ್ಲ ಕಟ್ಟುಕತೆ ಎಂದು ನಾನು ಹೇಳುವುದಿಲ್ಲ. ಲಾಂಗು ಬೀಸುತ್ತ ಮೈಮೇಲೆ ಬರುವವನ ಎದುರು ನಿಲ್ಲುವುದು ಹುಡುಗಾಟವಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಚಾಕು ಹಿಡಿದವನು 21 ಅಡಿ ದೂರದಿಂದ ಓಡಿ ಬಂದು ಇರಿಯಲು ಸುಮಾರು ಒಂದೂವರೆ ಸೆಕೆಂಡ್ ಸಾಕು. ಪಳಗಿದ ಪೊಲೀಸನಿಗೂ ಸೊಂಟದ ಪಿಸ್ತೂಲು ತೆಗೆದು ಗುರಿಯಿಟ್ಟು ಹೊಡೆಯಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. 21 ಅಡಿಯೊಳಗೆ ಚಾಕು ಕಂಡರೆ ಹೊಡೆದುಬಿಡಿ ಎಂದು ಇದರ ಅರ್ಥವಲ್ಲ. ನಡುವೆ ಒಂದು ಜೀಪು ಅಡ್ಡವಿದ್ದರೂ ಲೆಕ್ಕ ತಲೆಕೆಳಗಾಗುತ್ತದೆ. ಹಿಂದೆ ಸರಿಯಲು ಜಾಗವಿತ್ತೇ ಎಂಬುದೂ ಮುಖ್ಯ.

ಈ ಲೆಕ್ಕವನ್ನು ನಮ್ಮ ಪತ್ರಿಕಾ ಪ್ರಕಟಣೆಯ ಪಕ್ಕ ಇಟ್ಟು ನೋಡಿ. ಗಾಳಿಯಲ್ಲೊಂದು ಗುಂಡು, ಬಾಯಿಮಾತಿನ ಎಚ್ಚರಿಕೆ, ಆಮೇಲೆ ಓಡುವವನ ಮೊಣಕಾಲ ಕೆಳಗೆ ಗುರಿ. ಇಷ್ಟಕ್ಕೂ ಸಮಯವಿತ್ತು ಎಂದರೆ ಜೀವಕ್ಕೆ ಬಂದ ಅಪಾಯ ಅಷ್ಟು ಹತ್ತಿರದಲ್ಲಿತ್ತೇ? ಹತ್ತಿರದಲ್ಲಿತ್ತು ಎಂದರೆ ಇಷ್ಟಕ್ಕೆಲ್ಲ ಸಮಯ ಸಿಕ್ಕಿದ್ದು ಹೇಗೆ? ಕಾಲಿಗೆ ತಾನೇ ಎಂಬ ಸಮಾಧಾನವೂ ಸರಿಯಲ್ಲ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಗಬಹುದು.

ಕಾನೂನು ಏನು ಹೇಳುತ್ತದೆ? ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಆತ್ಮರಕ್ಷಣೆಯ ಹಕ್ಕು ಪೊಲೀಸರಿಗೂ ನಮಗೂ ಒಂದೇ: ರಕ್ಷಣೆಗೆ ಬೇಕಾದಷ್ಟೇ ಹಾನಿ, ಅದಕ್ಕಿಂತ ಹೆಚ್ಚಲ್ಲ. ಬಂಧನದ ವಿಚಾರಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಇದೆ. ಬಂಧನವನ್ನು ಬಲವಂತವಾಗಿ ತಡೆಯುವವನ ಮೇಲೆ ಅಗತ್ಯವಾದ ಎಲ್ಲ ಕ್ರಮ ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದವನನ್ನು ಕೊಲ್ಲುವ ಹಕ್ಕಿಲ್ಲ. ನನಗೆ ಈ ಕಲಮಿನ ಮೇಲೆ ತಕರಾರಿದೆ. ಅದು ಆರೋಪಿ ಹಿಂದೆ ಏನು ಮಾಡಿದ ಎಂದು ಕೇಳುತ್ತದೆಯೇ ಹೊರತು, ಈಗ ಯಾರ ಜೀವಕ್ಕೆ ಕುತ್ತು ಎಂದು ಕೇಳುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲೇ, ಓಡಿಹೋಗುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಹೊಡೆಯುವಂತಿಲ್ಲ, ಆತನಿಂದ ಪೊಲೀಸರ ಅಥವಾ ಇತರರ ಪ್ರಾಣಕ್ಕೆ ಗಂಭೀರ ಅಪಾಯವಿದೆ ಎನ್ನಲು ಆಧಾರವಿರಬೇಕು ಎಂದಿತು. ಅದು ಮೆಂಫಿಸ್‌ನಲ್ಲಿ ಬೇಲಿ ಹತ್ತುತ್ತಿದ್ದಾಗ ಗುಂಡಿಗೆ ಬಲಿಯಾದ 15 ವರ್ಷದ ಹುಡುಗನ ಪ್ರಕರಣ. ಅವನ ಕೈಯಲ್ಲಿ ಆಯುಧವೇ ಇರಲಿಲ್ಲ.

ಇನ್ನು ಜನ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿಯ ಚಟಾನ್‌ಪಲ್ಲಿಯಲ್ಲಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂಮಳೆ ಸುರಿದರು. ಆರೋಪಿಗಳು ಪಿಸ್ತೂಲು ಕಸಿದುಕೊಂಡರು ಎಂದು ಪೊಲೀಸರು ಹೇಳಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ ಆ ಮಾತನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದ ಆಯೋಗ, 10 ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕೆಂದು ಶಿಫಾರಸು ಮಾಡಿತು. ಇದು ಆಯೋಗದ ಅಭಿಪ್ರಾಯ, ನ್ಯಾಯಾಲಯದ ತೀರ್ಪಲ್ಲ. 2022ರಲ್ಲಿ ವರದಿ ಬಹಿರಂಗವಾಗುವ ಹೊತ್ತಿಗೆ ಹೂವು ಎರಚಿದವರಲ್ಲಿ ಎಷ್ಟು ಮಂದಿ ಅದನ್ನು ಓದಿದರೋ!

ಗುಂಡು ಹಾರಿದ ಮೇಲೆ ಏನಾಗಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಪಿಯುಸಿಎಲ್ ಪ್ರಕರಣದಲ್ಲಿ ಬರೆದಿಟ್ಟಿದೆ. ಎನ್‌ಕೌಂಟರ್ ಸಾವಿನಲ್ಲಿ ಎಫ್‌ಐಆರ್ ದಾಖಲಾಗಬೇಕು, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ನಡೆಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಘಟನೆಯ ಬೆನ್ನಲ್ಲೇ ಬಡ್ತಿ, ಶೌರ್ಯ ಪದಕ ಕೊಡುವಂತಿಲ್ಲ. ಸಾವಾಗದೆ ತೀವ್ರ ಗಾಯವಾದಾಗಲೂ ಸಾಧ್ಯವಾದಷ್ಟು ಇದೇ ನಿಯಮ. ಅಂದರೆ ಕಾಲಿಗೆ ಬಿದ್ದ ಗುಂಡೂ ಈ ಲೆಕ್ಕಕ್ಕೆ ಬರಬಹುದು.

ಪತ್ರಕರ್ತ ಮಿತ್ರರಿಗೆ, ವಕೀಲರಿಗೆ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿಯನ್ನು ವಿಡಿಯೊ ಮಾಡುವುದು ಕಡ್ಡಾಯ. ಮೊಬೈಲ್‌ನಲ್ಲಿ ಮಾಡಿದರೂ ಸಾಕು. ಬಚ್ಚಿಟ್ಟ ಮಚ್ಚು ವಶಪಡಿಸಿಕೊಳ್ಳಲು ಹೋದ ತಂಡದ ಬಳಿ ಚಿತ್ರೀಕರಣಕ್ಕೆ ಸಿದ್ಧತೆ ಇದ್ದೇ ಇರಬೇಕು. ಮುಂದಿನ ಬಾರಿ ಪತ್ರಿಕಾಗೋಷ್ಠಿಯಲ್ಲಿ ಯಾವ ಕಾಲು ಎಂದು ಕೇಳುವ ಮೊದಲು ಆ ವಿಡಿಯೊ ಎಲ್ಲಿ ಎಂದು ಕೇಳಿ.