ಕಂತಿಗೆ ವಾರ ಗೊತ್ತು, ಕೂಲಿಗೆ ಗೊತ್ತಿಲ್ಲ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಗಂಗಾವತಿ ಕಡೆ ಹೆಣ್ಣಾಳಿಗೆ ಬಿಡುವಿರುವುದಿಲ್ಲ. ನಾಟಿ, ಕಳೆ, ಮತ್ತೆ ಕಳೆ. ಅದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಕಥೆ ಬೇರೆ. ಅಲ್ಲಿ ಬಹುಪಾಲು ಹೊಲಗಳು ಮಳೆಯನ್ನೇ ನಂಬಿದವು. ಹಿಂಗಾರಿ ಸುಗ್ಗಿ ಮುಗಿದರೆ ಮುಂಗಾರಿನ ತನಕ ಕೂಲಿ ಅಪರೂಪ. ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವಾ ಅಂತ ಗುಳೆ ಹೋಗುವವರು ಹೋಗುತ್ತಾರೆ. ಸಣ್ಣ ಮಕ್ಕಳನ್ನು ಕಟ್ಟಿಕೊಂಡ ಒಂಟಿ ತಾಯಿ ಎಲ್ಲಿಗೆ ಹೋಗಬೇಕು? 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ರೈತರ ಬೆಳೆಯ ಬಗ್ಗೆ ನಾಡೆಲ್ಲ ಮಾತಾಡಿತು. ಆ ಬೆಳೆಯ ಕೂಲಿಯನ್ನೇ ನಂಬಿ ಮೈಕ್ರೊಫೈನಾನ್ಸ್ ಸಂಘದ ಸಾಲ ತೆಗೆದವರ ಮಾತು ಅಷ್ಟಾಗಿ ಯಾರ ಬಾಯಲ್ಲೂ ಬರಲಿಲ್ಲ.

ಒಂಟಿ ತಾಯಂದಿರ ಸಾಲದ ಮೂಲ ಇಲ್ಲಿದೆ ಎಂದು ನಾನು ನಂಬಿದ್ದೇನೆ. ದುಂದುಗಾರಿಕೆ, ಲೆಕ್ಕ ಬಾರದಿರುವುದು ಎಂದೆಲ್ಲ ಹೇಳುವವರಿದ್ದಾರೆ. ಎಂಟುನೂರು ರೂಪಾಯಿ ಪಿಂಚಣಿಯಲ್ಲಿ ಎಣ್ಣೆ, ಬೇಳೆ, ಮಗನ ನೋಟುಬುಕ್ಕು, ಔಷಧಿ ಎಲ್ಲವನ್ನೂ ತೂಗಿಸುವವಳಿಗೆ ಲೆಕ್ಕ ಹೇಳಿಕೊಡುವಷ್ಟು ದೊಡ್ಡವರು ನಾವ್ಯಾರೂ ಅಲ್ಲ. ತೊಂದರೆ ಬೇರೆ ಕಡೆ ಇದೆ. ಕೂಲಿ ಋತುಮಾನದ್ದು, ಕಂತು ಮಾತ್ರ ವಾರ ವಾರವೂ ಬಾಗಿಲಿಗೆ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರಿಗೆ ಕೆಲಸ ತಪ್ಪಿದರೆ ಇನ್ನೊಬ್ಬರ ಕೂಲಿ ಆಸರೆಯಾದೀತು. ಇವಳಿಗೆ ಆ ಇನ್ನೊಬ್ಬರೇ ಇಲ್ಲ.

ಒಂದು ಅಂದಾಜಿನ ಲೆಕ್ಕ ಹಾಕಿ ನೋಡೋಣ. ಎರಡು ಫೈನಾನ್ಸ್‌ಗಳಲ್ಲಿ ತಲಾ 50,000 ಸಾಲ, ಎರಡು ವರ್ಷದ ಅವಧಿ, ವರ್ಷಕ್ಕೆ ಶೇ 24 ಬಡ್ಡಿ ಎಂದಿಟ್ಟುಕೊಂಡರೆ ಒಂದೊಂದಕ್ಕೂ ತಿಂಗಳಿಗೆ ಸುಮಾರು 2,640 ರೂಪಾಯಿ ಕಟ್ಟಬೇಕು. ಎರಡೂ ಸೇರಿ 5,280. ಇದರ ಮೇಲೆ ಊರಿನವರ ಹತ್ತಿರ 20,000 ಕೈಗಡ, ನೂರಕ್ಕೆ ಐದು ರೂಪಾಯಿ ಬಡ್ಡಿ. ಅಸಲು ಒಂದು ಪೈಸೆ ಇಳಿಯದೆ ತಿಂಗಳಿಗೆ 1,000 ಹೋಯಿತು. ದಿನಕ್ಕೆ 300ರಂತೆ ಇಪ್ಪತ್ತು ದಿನ ಕೂಲಿ ಸಿಕ್ಕ ಒಳ್ಳೆಯ ತಿಂಗಳಲ್ಲಿ 6,000; ಗೃಹಲಕ್ಷ್ಮಿ 2,000, ವಿಧವಾ ವೇತನ 800 ಸೇರಿದರೆ 8,800. ಎಂಟೇ ದಿನ ಕೂಲಿ ಸಿಕ್ಕ ತಿಂಗಳಲ್ಲಿ 5,200. ಅಂದರೆ ಒಳ್ಳೆಯ ತಿಂಗಳಲ್ಲಿ ಸಾಲ ಕಟ್ಟಿ ಊಟಕ್ಕೆ ಉಳಿಯುವುದು ಎರಡೂವರೆ ಸಾವಿರ. ಕೆಟ್ಟ ತಿಂಗಳಲ್ಲಿ ಊಟ ಬಿಟ್ಟರೂ ಸಾಲಕ್ಕೆ ಸಾವಿರ ಕಡಿಮೆ. ಆ ಸಾವಿರಕ್ಕಾಗಿಯೇ ಮೂರನೆಯ ಸಂಘ ಸೇರುವುದು.

ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕೆ ಒಪ್ಪುವುದಿಲ್ಲ. 2022ರ ಮಾರ್ಚ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಮೇಲಿನ ಲೆಕ್ಕದ ಒಳ್ಳೆಯ ತಿಂಗಳಿನ ಅರ್ಧ 4,400. ಎರಡು ಫೈನಾನ್ಸ್ ಕಂತೇ ಅದನ್ನು ದಾಟಿದೆ. ಗಂಡ ಇದ್ದಾಗಿನ ಆದಾಯ ನೋಡಿ ಕೊಟ್ಟ ಸಾಲ ಅವನು ಇಲ್ಲವಾದ ಮೇಲೂ ಹಾಗೇ ಉಳಿದಿರುತ್ತದೆ. ಈ ಮಾತನ್ನು ಫೈನಾನ್ಸ್ ಶಾಖೆಗೆ ಹೋಗಿ ಹೇಳಬೇಕು, ಕಂತು ಇಳಿಸಿ ಅವಧಿ ಹೆಚ್ಚಿಸಿ ಎಂದು ಬರೆದು ಕೇಳಬೇಕು. ಒಪ್ಪಲೇಬೇಕೆಂದು ಕಾನೂನಿಲ್ಲ, ಆದರೆ ಬರೆದು ಕೇಳಿದ ಅರ್ಜಿಗೆ ಇರುವ ತೂಕ ಬಾಗಿಲಲ್ಲಿ ಅತ್ತ ಕಣ್ಣೀರಿಗೆ ಇಲ್ಲ. ಕೇಳುವ ಮಾತೂ ಸರಳ: "ಸಾರ್, ನನ್ನ ಹೆಸರಿನ್ಯಾಗ ಅಸಲು ಎಷ್ಟು ಉಳದೈತಿ, ಬಡ್ಡಿ ಎಷ್ಟು, ಒಂದು ಹಾಳ್ಯಾಗ ಬರದು ಸಹಿ ಮಾಡಿ ಕೊಡ್ರಿ." ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ವಿವರ ಕೊಡುವುದು ಸಂಸ್ಥೆಯ ಕರ್ತವ್ಯ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಸಾಲಕ್ಕೆ ಮನೆಪತ್ರ, ಬಂಗಾರ ಇಟ್ಟುಕೊಳ್ಳುವಂತಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ದೂರು ಕೊಟ್ಟು 30 ದಿನವಾದರೂ ಸಂಸ್ಥೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

2025ರ ಜನವರಿಯಲ್ಲಿ ಫೈನಾನ್ಸ್ ಕಿರುಕುಳ, ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೊಂದು ಬಂದವು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಾಳಿಯನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ನಾಡಿನ ಕರುಳು ಚುರ್ ಎಂದಿತು. ಆದರೆ ತಾಳಿ ಕಳೆದುಕೊಂಡವಳು, ತಾಳಿ ಕಟ್ಟಿದವನು ಬಿಟ್ಟುಹೋದವಳು ಏನನ್ನು ಕಳಿಸಬೇಕಿತ್ತು? ಆ ಗದ್ದಲದಲ್ಲೂ ಅವರ ದನಿ ಬೇರೆಯಾಗಿ ಕೇಳಲಿಲ್ಲ ಎಂಬುದು ನನ್ನ ಸಂಕಟ. ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯೂ ಆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಸಾಲ ಕೊಡುವವರು ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ, ಪರವಾನಗಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ. ಇಷ್ಟು ಕೇಳಿ ಸಂಘದ ಸಾಲವೆಲ್ಲ ಮನ್ನಾ ಆಯಿತೆಂದುಕೊಂಡು ಕಂತು ನಿಲ್ಲಿಸಿದರೆ ಅಪಾಯವಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳ ಸಾಲ ಇದರಿಂದ ಮನ್ನಾ ಆಗಿಲ್ಲ. ಹೇಳದೆ ಕೇಳದೆ ಕಂತು ನಿಲ್ಲಿಸಿದರೆ ಮುಂದೆ ಬ್ಯಾಂಕಿನ ಕಡಿಮೆ ಬಡ್ಡಿಯ ಬಾಗಿಲೂ ಮುಚ್ಚುತ್ತದೆ. ಹಾಗಾಗಿ ಮೊದಲು ತಿಳಿಯಬೇಕಾದದ್ದು, ಯಾವ ಸಾಲ ಯಾವ ಬಗೆಯದು ಎಂಬುದು. ನೂರಕ್ಕೆ ಐದರ ಬಡ್ಡಿ ಎಂದರೆ ವರ್ಷಕ್ಕೆ ಶೇ 60. 2004ರ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆ ಇರುವುದು ಇಂಥದ್ದಕ್ಕೇ. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮೊದಲು ತೀರಿಸಬೇಕಾದ್ದೂ ಇದನ್ನೇ.

ಸಾಲದ ಮಾತು ಇಷ್ಟು. ಬರಬೇಕಾದ ಹಣದ ಮಾತು ಇನ್ನೂ ಮುಖ್ಯ, ಏಕೆಂದರೆ ಎಷ್ಟೋ ಮನೆಗಳಲ್ಲಿ ಅದು ಹಾಗೇ ಬಿದ್ದಿದೆ. ಗಂಡ ತೀರಿಕೊಂಡಿದ್ದರೆ ಅವನ ಜನಧನ್ ಪಾಸ್‌ಬುಕ್ ಹುಡುಕಿ, ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿ, ಮೇ-ಜೂನ್ ತಿಂಗಳ ಸಾಲುಗಳನ್ನು ಬೆರಳಿಟ್ಟು ಓದಿ. 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, ಎರಡು ಲಕ್ಷ ಪರಿಹಾರದ್ದು. 20 ರೂಪಾಯಿ ಇದ್ದರೆ ಸುರಕ್ಷಾ ವಿಮೆ. ಸಾವು ಅಪಘಾತದಿಂದಾಗಿದ್ದರೆ ಅದಕ್ಕೂ ಎರಡು ಲಕ್ಷ. ಪಾಸ್‌ಬುಕ್ ಗೋಡೆಯ ಗೂಡಿನಲ್ಲಿ ದೂಳು ತಿನ್ನುತ್ತಿರುತ್ತದೆ, ಇತ್ತ ತಿಥಿಯ ಖರ್ಚಿಗೆ ಬಡ್ಡಿ ಸಾಲ ಆಗಿರುತ್ತದೆ. ಸಂಘದ ಸಾಲದಲ್ಲೂ ಕೊಡುವಾಗಲೇ ವಿಮೆ ಎಂದು ಹಣ ಹಿಡಿದಿರುತ್ತಾರೆ. ಹಲವು ಸಲ ಅದು ಗಂಡನ ಜೀವಕ್ಕೂ ಸೇರಿದ ವಿಮೆ. ಆಗ ಆ ಸಾಲವೇ ತೀರಬಹುದು. ಗಂಡ ಮಾಡಿದ, ಇವಳು ಸಹಿ ಹಾಕದ ಕೈಗಡವಿದ್ದರೆ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗಷ್ಟೇ ಹೊಣೆ. ಇವಳ ಕೂಲಿಯ ಮೇಲೆ ಅದಕ್ಕೆ ಹಕ್ಕಿಲ್ಲ. ಬಿಪಿಎಲ್ ಮನೆಯ ದುಡಿಯುವವನು 60 ತುಂಬುವ ಮೊದಲು ಸತ್ತರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಿಂದ 20,000 ರೂಪಾಯಿ ಒಂದೇ ಗಂಟಿಗೆ ಬರುತ್ತದೆ.

ಮಕ್ಕಳ ಹೆಸರಿನಲ್ಲಿ ಬರುವುದನ್ನು ಕೇಳಿದವರೇ ಕಡಿಮೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ವಿಧವೆಯ, ವಿಚ್ಛೇದಿತೆಯ, ಗಂಡ ಬಿಟ್ಟವಳ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ಮೀರಿರಬಾರದು. ಅರ್ಜಿ ಕೊಪ್ಪಳದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕಂತಿನ ಕಷ್ಟಕ್ಕೆ ಶಾಲೆ ಬಿಡಿಸಿ ಮಗಳನ್ನು ಹತ್ತಿ ಬೀಜದ ಹೊಲಕ್ಕೆ ಕಳಿಸುವ ಮುನ್ನ ಈ ಅರ್ಜಿ ಹಾಕಬೇಕು. ನನ್ನ ಮಟ್ಟಿಗೆ ಈ ಲೇಖನದಲ್ಲಿ ನೆನಪಿಡಬೇಕಾದ ಒಂದೇ ಸಾಲಿದ್ದರೆ ಅದು ಇದು.

ವಿಧವೆಗೆ ಮರಣ ಪ್ರಮಾಣಪತ್ರವಾದರೂ ಇದೆ. ಗುಳೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದರೆ ಇವಳ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ರೇಷನ್ ಕಾರ್ಡ್ ಅತ್ತೆಯ ಯಜಮಾನಿಕೆಯಲ್ಲಿರುತ್ತದೆ. ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೇ ಬೀಳುತ್ತದೆ, ಮಕ್ಕಳನ್ನು ಸಾಕುವ ಹೊಣೆ ಮಾತ್ರ ತವರಿನ ಪಡಸಾಲೆಯಲ್ಲಿ ಮಲಗುವ ಇವಳದು. ಹೀಗಿರುವವಳ ಬಜೆಟ್ಟಿನ ಮೊದಲ ಕೆಲಸ ಬೇರೆ ಕಾರ್ಡು ಮಾಡಿಸುವುದು, ಎರಡನೆಯದು ಜೀವನಾಂಶಕ್ಕೆ ಅರ್ಜಿ ಹಾಕುವುದು.

ಕೊಪ್ಪಳದ ಒಂಟಿ ತಾಯಂದಿರ ಬಗ್ಗೆ ಬರೆದು ಮಾಜಿ ದೇವದಾಸಿಯರನ್ನು ಬಿಟ್ಟರೆ ಬರೆದದ್ದು ಅರ್ಧವೇ. ಮದುವೆಯೂ ಇಲ್ಲದೆ, ವೈಧವ್ಯವೂ ಇಲ್ಲದೆ, ಮೂರು ತಲೆಮಾರು ಮಕ್ಕಳನ್ನು ತಾವೇ ಸಾಕಿದವರು ಇವರು. 1982ರ ಕಾಯ್ದೆ ದೇವರ ಹೆಸರಿನಲ್ಲಿ ಮುತ್ತು ಕಟ್ಟುವುದನ್ನು ಅಪರಾಧ ಎಂದಿತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಾದವರು 46,660. ಮಾಸಾಶನ, ಮನೆ, ಸ್ವಂತ ಉದ್ಯೋಗಕ್ಕೆ ನೆರವು ಇವೆಲ್ಲ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ಬರುವುದರಿಂದ, ಆ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಮನೆಯ ಲೆಕ್ಕವೇ ನಿಂತಿರುತ್ತದೆ. ಹೆಸರು ತಪ್ಪಿದವರು ಸಂಘದ ಸಾಲಕ್ಕೇ ಕೈಚಾಚಿದರು. ಬೇರೆ ಯಾರೂ ಅಷ್ಟು ಸುಲಭವಾಗಿ ಕೊಡುತ್ತಿರಲಿಲ್ಲ.

ಕೊಡುವವರು ಬೇರೆ ಇಲ್ಲವೇ ಎಂದರೆ, ಇದ್ದಾರೆ. ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಒಕ್ಕೂಟಕ್ಕೆ ಸೇರಿದ ಸ್ವಸಹಾಯ ಸಂಘಕ್ಕೆ ಬ್ಯಾಂಕುಗಳು ಮೂರು ಲಕ್ಷದ ತನಕ ಶೇ 7ರ ಬಡ್ಡಿಗೆ ಸಾಲ ಕೊಡುತ್ತವೆ. ಶೇ 24 ಎಲ್ಲಿ, 7 ಎಲ್ಲಿ! ಮನೆಬಾಗಿಲಿಗೆ ಬಂದು ಎರಡೇ ದಿನಕ್ಕೆ ಹಣ ಕೊಡುವ ಫೈನಾನ್ಸಿನವರ ಎದುರು ಬ್ಯಾಂಕು ಸೋಲುವುದು ಓಡಾಟದಲ್ಲಿ. ಒಬ್ಬಳೇ ದುಡಿಯುವವಳಿಗೆ ಬ್ಯಾಂಕಿಗೆ ನಾಲ್ಕು ಸಲ ಅಲೆದರೆ ನಾಲ್ಕು ದಿನದ ಕೂಲಿ ಹೋಯಿತು. ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡು ಉಳಿದಿದೆ, ದಿನ ಉಳಿದಿಲ್ಲ.

ಅದಕ್ಕೇ ನಾನು ಕೇಳುವುದು ಹೊಸ ಯೋಜನೆಯನ್ನಲ್ಲ. ಪಿಂಚಣಿ ನಾಡಕಚೇರಿಯಲ್ಲಿ, ಮಕ್ಕಳ ಹಣ ಜಿಲ್ಲಾ ಕೇಂದ್ರದಲ್ಲಿ, ವಿಮೆ ಬ್ಯಾಂಕಿನಲ್ಲಿ, ದೂರು ಪೊಲೀಸ್ ಠಾಣೆಯಲ್ಲಿ. ಇವನ್ನೆಲ್ಲ ಒಂದು ಹಾಳೆಯ ಮೇಲೆ ತಂದು ಅವಳ ಪಕ್ಕ ಕೂತು ಲೆಕ್ಕ ಬರೆಯುವ ಒಬ್ಬರು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ವಾರಕ್ಕೊಂದು ದಿನ, ಕೂಲಿ ಮುಗಿಯುವ ಸಂಜೆ ಹೊತ್ತಿನಲ್ಲಿ ಸಿಗಬೇಕು. ಸಂಜೀವಿನಿಯಲ್ಲಿ ಆರ್ಥಿಕ ಸಾಕ್ಷರತೆಯ ತರಬೇತಿ ಪಡೆದ ಹೆಣ್ಣುಮಕ್ಕಳು ಈಗಾಗಲೇ ಇದ್ದಾರೆ. ಖಾತೆ ತೆರೆಯಿರಿ, ಉಳಿಸಿ ಎಂದು ಹೇಳಿಕೊಡುವುದರ ಜೊತೆಗೆ, ಮುಳುಗುತ್ತಿರುವವಳ ಸಾಲ ಬಿಡಿಸುವ ಕೆಲಸವನ್ನೂ ಅವರಿಗೆ ಕಲಿಸಬೇಕು, ಅದಕ್ಕೆ ತಕ್ಕ ಗೌರವಧನವನ್ನೂ ಕೊಡಬೇಕು.

ಅದಾಗುವ ತನಕ ಇರುವ ದಾರಿ: ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ, ಫೋನ್ 15100. ಕಿರುಕುಳ ನಡೆಯುತ್ತಿರುವ ಹೊತ್ತಿನಲ್ಲೇ 112 ಅಥವಾ 181. ಬದುಕೇ ಸಾಕೆನಿಸಿದ ರಾತ್ರಿ ಟೆಲಿ ಮನಸ್‌ನ 14416. ಅದು ಹಗಲೂ ರಾತ್ರಿ ಇರುತ್ತದೆ. ಕಾನೂನು ನೆರವಿಗೆ ಹೋಗುವಾಗ ಆಧಾರ್, ರೇಷನ್ ಕಾರ್ಡ್, ಎಲ್ಲ ಪಾಸ್‌ಬುಕ್, ಸಂಘದ ಕಂತಿನ ಕಾರ್ಡು, ಗಂಡ ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ ಒಂದೇ ಚೀಲದಲ್ಲಿರಲಿ.